ಕಡೆಯ ಮಾತಿನ ಗಾಳಿ

ನಮ್ಮೂರಿನ ಬೀದಿಯಲ್ಲಿ ಇಬ್ಬರು ಸೈಕಲ್ ಸವಾರರು ಜೊತೆಯಾಗಿ ಹೋಗುತ್ತಿರುವಾಗ ಒಬ್ಬನ ಅಂಗಿ ಬೆನ್ನ ಹಿಂದೆ ಗುಡಾಣದಂತೆ ಉಬ್ಬಿ ನಿಂತು, ಪಕ್ಕದವನ ತಲೆಗೂದಲೊಂದೂ ಅಲುಗದಿದ್ದರೆ, ನೋಡಿದವರು ಯಾರೂ ಆಕಾಶದ ಕಡೆ ಮುಖವೆತ್ತುವುದಿಲ್ಲ. “ಏನ್ರಿ, ನಿನ್ನಿ ಕಡೀ ಮಾತು ನಿಮ್ದಾತೇನು?” ಎಂದು ಕೇಳಿ ತಮ್ಮ ಕೆಲಸಕ್ಕೆ ತಾವು ಹೋಗುತ್ತಾರೆ. ಊರಿನ ಸೈಕಲ್ ಪ್ರಿಯರೆಲ್ಲ ಫೋನಿನಲ್ಲಿ ಕೂಡಿ ಹರಟುವ ‘ಎರಡು ಗಾಲಿ ಬಳಗ’ ಎಂಬ ಕೂಟವೊಂದಿದೆ. ಸಂಜೆ ಏಳಕ್ಕೆ ಹತ್ತಿ ಗಿರಣಿಯ ಸೈರನ್ ಕೂಗುವ ಹೊತ್ತಿನಲ್ಲಿ ಆ ಬಳಗದೊಳಗೆ ಯಾರ ಮಾತು ಕೊನೆಯದಾಗಿ ನಿಂತಿರುತ್ತದೆಯೋ ಅವರಿಗೆ ಮರುದಿನ ಬೆಳಗಿನಿಂದ ಬೈಗಿನವರೆಗೆ ಎದುರುಗಾಳಿ. ಮೂಡಣಕ್ಕೆ ಹೊರಟರೆ ಗಾಳಿ ಮೂಡಣದಿಂದ ಬರುತ್ತದೆ; ಜಾಣತನದಿಂದ ಪಡುವಣಕ್ಕೆ ತಿರುಗಿದರೆ ಅದೂ ಸಾವಧಾನವಾಗಿ ಸುತ್ತಿ ಬಂದು ಪಡುವಣದಿಂದಲೇ ಬೀಸುತ್ತದೆ.

ಈ ಗಾಳಿಯ ಕಟ್ಟಳೆಗಳು ನಮಗೆಲ್ಲ ಬಾಯಿಪಾಠವಾಗಿವೆ. ಬರೆದದ್ದನ್ನು ಅಳಿಸಿಬಿಟ್ಟರೆ ಪಾರಾಗಬಹುದೆಂದು ಮೊದಮೊದಲು ಕೆಲವರು ಬಗೆದಿದ್ದರು. ಫೋನು ಮರೆತರೂ ಗಾಳಿ ಮರೆಯಲಿಲ್ಲ. ಹೆಬ್ಬೆರಳಿನ ಚಿತ್ರ, ಕೈಮುಗಿದ ಚಿತ್ರ ಇವುಗಳನ್ನು ಅದು ಮಾತೆಂದು ಎಣಿಸುವುದಿಲ್ಲ. ಇಡೀ ದಿನ ಬಳಗ ಮೌನವಾಗಿದ್ದರೆ ಹಿಂದಿನ ದಿನದವರಿಗೇ ಗಾಳಿ ಮುಂದುವರಿಯುತ್ತದೆ. ಸೈಕಲ್ ಹತ್ತದೆ ಮನೆಯಲ್ಲೇ ಕುಳಿತು ತಪ್ಪಿಸಿಕೊಳ್ಳೋಣವೆಂದರೆ, ಮತ್ತೆ ಸೈಕಲ್ ಹತ್ತುವವರೆಗೆ, ಎಷ್ಟು ದಿನವಾದರೂ ಸರಿ, ಗಾಳಿ ಹೊಸ್ತಿಲ ಹೊರಗೆ ಬೆಕ್ಕಿನಂತೆ ಕಾದು ಕುಳಿತಿರುತ್ತದೆ. ಬಸವಣ್ಣನ ಗುಡಿಯ ಪೂಜಾರಿಯೊಬ್ಬರು ನಾಲ್ಕು ದಿನ ನಡೆದೇ ಓಡಾಡಿ, ಐದನೆಯ ದಿನ ಗೆದ್ದೆನೆಂದುಕೊಂಡು ಸೈಕಲ್ ಹತ್ತಿದವರು, ತಮ್ಮ ಮನೆಯ ಬಾಗಿಲಲ್ಲೇ ಟೋಪಿಯನ್ನೂ ಕೈಯಲ್ಲಿದ್ದ ಬಿಲ್ವಪತ್ರೆಯನ್ನೂ ಒಟ್ಟಿಗೆ ಕಳೆದುಕೊಂಡರು.

ಆದಕಾರಣ ಬಳಗದಲ್ಲಿ ಪಾಳಿ ಏರ್ಪಟ್ಟಿತು. ನಲವತ್ತಮೂರು ಮಂದಿಯಲ್ಲಿ ದಿನಕ್ಕೊಬ್ಬರು, ಏಳಕ್ಕೆ ಐದು ನಿಮಿಷವಿರುವಾಗ ‘ಶರಣು’ ಎಂದೊಂದು ಮಾತು ಬರೆದು, ಮರುದಿನದ ಗಾಳಿಯನ್ನು ತಮ್ಮ ಹೆಸರಿಗೆ ಹಚ್ಚಿಕೊಳ್ಳಬೇಕು. ಮಿಕ್ಕವರು ಬೆರಳು ಮಡಚಿ ಕುಳಿತಿರಬೇಕು. ಅರವತ್ತೈದು ದಾಟಿದವರಿಗೆ ಈ ಪಾಳಿಯಿಂದ ಬಿಡುಗಡೆಯುಂಟು. ನನಗೆ ಎಪ್ಪತ್ತೆರಡು. ಆದರೂ ಬಳಗದಲ್ಲಿ ಅತಿ ಹೆಚ್ಚು ಎದುರುಗಾಳಿ ಉಂಡವನು ನಾನೇ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಪ್ರಬಂಧರಚನೆಯನ್ನು ಕಲಿಸಿದವನು, ತಪ್ಪು ವಾದವೊಂದು ಉತ್ತರವಿಲ್ಲದೆ ಮಲಗಿ ನಿದ್ರಿಸುವುದನ್ನು ಹೇಗೆ ಸಹಿಸಿಯಾನು? ಮಿಕ್ಕವರಂತೆ ನಾನು ಅರೆಬರೆ ಮಾತುಗಳನ್ನು ಎಸೆಯುವುದಿಲ್ಲ. ಮೊದಲು ನೋಟುಪುಸ್ತಕದಲ್ಲಿ ಕರಡು ಬರೆದು, ಪೀಠಿಕೆ, ವಿಷಯ, ಉಪಸಂಹಾರಗಳನ್ನು ತಿದ್ದಿ, ಅನಂತರ ಬಲಗೈಯ ತೋರುಬೆರಳೊಂದರಿಂದಲೇ ಅಕ್ಷರಕ್ಕೆ ಅಕ್ಷರ ಕೂಡಿಸಿ ಕಳಿಸುತ್ತೇನೆ. ಈರಭದ್ರ ಮಾಸ್ತರರಿಂದ ಅಪೂರ್ಣವಾದ ಒಂದು ವಾಕ್ಯವೂ ಬಂದದ್ದಿಲ್ಲವೆಂಬುದು ಬಳಗದಲ್ಲಿ ಪ್ರಸಿದ್ಧ. ಅದು ನನಗೂ ಗೊತ್ತಿದೆಯೆಂಬುದು ಅದಕ್ಕಿಂತ ಪ್ರಸಿದ್ಧ.

ನನ್ನ ಧರ್ಮಪತ್ನಿ ನೀಲಾಂಬಿಕೆ ಈ ವ್ಯವಸ್ಥೆಗೆ ನನಗಿಂತ ಬೇಗ ಹೊಂದಿಕೊಂಡಳು. ಗಾಳಿಯ ದಿನ ನಾನು ಅಂಗಳದಲ್ಲಿ ಸೈಕಲ್ ಒರೆಸುತ್ತಿರುವಾಗಲೇ ಬುಟ್ಟಿ ಹಿಡಿದು ಬಂದು ನಿಲ್ಲುತ್ತಾಳೆ. “ಹೆಂಗೂ ಗಾಳಿ ತಿನ್ನಾಕ ಹೊಂಟೀರಿ. ಈ ಎರಡು ಸೀರಿ ಹ್ಯಾಂಡಲಿಗೆ ಕಟಗೊಂಡು ಕೆರೀ ತನಕ ಹೋಗಿ ಬರ್ರಿ. ನಿಮ್ಮ ವಿದ್ಯಾ ಅಷ್ಟರ ಉಪಯೋಗಕ್ಕ ಬರಲಿ.” ಕೆರೆಯ ತಿರುವಿನಲ್ಲಿ ಎರಡು ಸೀರೆಗಳೂ ನನ್ನ ಮುಖವನ್ನು ಮುಚ್ಚಿ ಹಾರಾಡುವಾಗ ನನ್ನ ಹಳೆಯ ವಿದ್ಯಾರ್ಥಿಗಳು ನಮಸ್ಕಾರ ಮಾಡಿದರೆಂದು ಆಮೇಲೆ ಕೇಳಿ ತಿಳಿಯುತ್ತೇನೆ.

ಈಗ ಜಗಳದ ವಿಷಯ. ಊರ ಹೊರಗೆ ಮೂರು ತಿರುವಿನ ಕಡಿದಾದ ದಾರಿಯೊಂದಿದೆ. ಎಂದೋ ಒಂದು ಕೋಣ ಅದರ ಬುಡದಲ್ಲಿ ನಿಂತು ಮೇಲೆ ನೋಡಿ ಹಿಂದಿರುಗಿತಂತೆ. ಅದಕ್ಕೇ ಅದು ಕೋಣನ ಏರು. ತುದಿಯಲ್ಲಿ ಕಲ್ಲುಕಂಬಕ್ಕೆ ಹಳೆಯ ಶಾಲೆಯ ಕಂಚಿನ ಗಂಟೆಯೊಂದನ್ನು ತೂಗುಹಾಕಿದೆ. ವರ್ಷಕ್ಕೊಂದು ಭಾನುವಾರ ಬಳಗದವರೆಲ್ಲ ಏರುತ್ತೇವೆ. ಬುಡದಿಂದ ತುದಿಯವರೆಗೆ ನೆಲಕ್ಕೆ ಕಾಲು ಊರದೆ ಬಂದವರಿಗೆ ಮಾತ್ರ ಗಂಟೆ ಬಾರಿಸುವ ಹಕ್ಕು. ನಾನು ಎರಡು ಸಲ ಬಾರಿಸಿದ್ದೇನೆ. ಈ ಸಲ ಏರಿನ ದಿನಕ್ಕೆ ಹನ್ನೆರಡು ದಿನ ಮುಂಚೆ, ಬಳಗಕ್ಕೆ ಹೊಸದಾಗಿ ಸೇರಿದ ಬ್ಯಾಂಕಿನ ಹೆಣ್ಣುಮಗಳೊಬ್ಬಳು, “ಏರನ್ನು ಕುಳಿತು ತುಳಿಯಬೇಕೋ, ನಿಂತು ತುಳಿಯಬೇಕೋ?” ಎಂದು ಮುಗ್ಧವಾಗಿ ಕೇಳಿದಳು.

ಕುಳಿತೇ ತುಳಿಯಬೇಕೆಂದು ನಾನು ನಲವತ್ತೇಳು ವಾಕ್ಯಗಳಲ್ಲಿ ವಿಶದಪಡಿಸಿದೆ. ಉಸಿರಿನ ಮಿತವ್ಯಯ, ಸೊಂಟದ ಸ್ಥೈರ್ಯ, ಸವಾರನ ಘನತೆ ಯಾವುದನ್ನೂ ಬಿಡಲಿಲ್ಲ. ಅದಕ್ಕೆ ಬಾಳಪ್ಪ ಕೊಟ್ಟ ಉತ್ತರ ಒಂದೇ ಸಾಲಿನದು: “ಮಾಸ್ತರ್ರು ಜನ್ಮಪೂರ್ತಿ ಕುರ್ಚೀ ಮ್ಯಾಲೆ ಕುಂತ ಪಾಠಾ ಹೇಳಿದವ್ರು, ಸೈಕಲ್ ಮ್ಯಾಲೂ ಕುರ್ಚೀನ ಹುಡಕತಾರ.”

ಬಾಳಪ್ಪನೆಂದರೆ ನಮ್ಮೂರಿನ ನಿವೃತ್ತ ಟಪಾಲಿನವನು. ನನಗಿಂತ ಎರಡು ವರ್ಷಕ್ಕೆ ಹಿರಿಯ. ಮೂವತ್ತೊಂದು ವರ್ಷ ಅದೇ ಏರಿನ ಮೇಲಿನ ಹಳ್ಳಿಗೆ ಟಪಾಲು ಹೊತ್ತವನು. ನಿವೃತ್ತಿಯಾದಂದಿನಿಂದ ಪ್ರತಿದಿನ ಬೆಳಿಗ್ಗೆ ಆರಕ್ಕೆ ನನ್ನ ಬಾಗಿಲಲ್ಲಿ ಸೈಕಲ್ ಗಂಟೆ ಬಾರಿಸಿ, “ಮಾಸ್ತರ, ಏಳ್ರಿ, ಸೂರ್ಯಾ ರಿಟೈರ್ ಆಗಿಲ್ಲ” ಎಂದು ಎಬ್ಬಿಸುವವನು. ಅಂಥವನಿಗೆ ನಾನು ಬರೆದೆ: “ಪರರ ಮಾತುಗಳನ್ನು ಹೊತ್ತು ತಿರುಗುವುದರಲ್ಲೇ ಆಯುಷ್ಯವನ್ನು ಕಳೆದವರಿಗೆ ಸ್ವಂತ ವಿಚಾರದ ಭಾರ ತಿಳಿಯದಿರುವುದು ಸಹಜ.” ವಾಕ್ಯ ಸೊಗಸಾಗಿತ್ತು. ಮರುದಿನ ಬೆಳಿಗ್ಗೆ ನನ್ನ ಬಾಗಿಲಲ್ಲಿ ಗಂಟೆ ಕೇಳಿಸಲಿಲ್ಲ.

ಹೀಗೆ ಹನ್ನೊಂದು ದಿನ ಕಳೆದವು. ಒಂದು ಸಂಜೆ ಕಡೆಯ ಮಾತು ನನ್ನದು, ಮರು ಸಂಜೆ ಅವನದು. ಒಬ್ಬರನ್ನೊಬ್ಬರು ಮಾರುಕಟ್ಟೆಯ ಬೀದಿಯಲ್ಲಿ ದಾಟುವಾಗ ಒಬ್ಬನ ಧೋತರ ಹಾರುತ್ತಿರುತ್ತಿತ್ತು, ಇನ್ನೊಬ್ಬ ತಿಪ್ಪೆಯ ಕಡೆ ಮುಖ ತಿರುಗಿಸುತ್ತಿದ್ದ. ಬಳಗದ ಎಳೆಯರು ನಮ್ಮ ಚರ್ಚೆಯನ್ನು ಅತ್ಯಾಸಕ್ತಿಯಿಂದ ಓದುತ್ತಿದ್ದರು. ಜಗಳ ತಣ್ಣಗಾಗುತ್ತಿದೆಯೆಂದು ತೋರಿದ ಸಂಜೆ, ಆರೂ ಮುಕ್ಕಾಲರ ಹೊತ್ತಿಗೆ, ಯಾರಾದರೊಬ್ಬರು, “ಮಾಸ್ತರ್ರ, ಬಾಳಪ್ಪಜ್ಜ ಅಂದದ್ದಕ್ಕ ಉತ್ತರಾ ಇಲ್ಲೇನ್ರಿ?” ಎಂದು ಜಿಜ್ಞಾಸೆ ತೋರುತ್ತಿದ್ದರು. ಗದ್ಯದ ಬಗ್ಗೆ ಈ ಪೀಳಿಗೆಗೆ ಇಷ್ಟು ಹಸಿವಿದೆಯೇ ಎಂದು ನನ್ನ ಕಣ್ಣು ತೇವವಾದದ್ದೂ ಉಂಟು.

ಏರಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಬ್ರೇಕಿನ ರಬ್ಬರು ಬದಲಿಸಲು ಜುಲೇಖಾಳ ಅಂಗಡಿಗೆ ಹೋದೆ. ಜುಲೇಖಾ ನನ್ನ ಹಳೆಯ ವಿದ್ಯಾರ್ಥಿನಿ. ತಂದೆಯ ಪಂಕ್ಚರ್ ಅಂಗಡಿಯನ್ನು ಈಗ ತಾನೇ ನಡೆಸುತ್ತಾಳೆ. ಬಳಗವನ್ನು ಕಟ್ಟಿದವಳೂ ಪಾಳಿಯ ಪಟ್ಟಿ ಬರೆಯುವವಳೂ ಅವಳೇ. ಗೋಡೆಯ ಮೇಲಿನ ಪಾಳಿಪಟ್ಟಿಯನ್ನು ನೋಡಿದೆ. ಕಳೆದ ಹನ್ನೊಂದು ದಿನಗಳ ಎದುರು ಯಾರ ಹೆಸರೂ ಇರಲಿಲ್ಲ.

“ಏನವ್ವಾ ಇದು? ಪಾಳಿ ನಿಂತೈತೇನು?”

ಅವಳು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಅಲ್ಲಿಂದ ಏಳುತ್ತಿದ್ದ ಗುಳ್ಳೆಗಳ ಮೇಲೆ ಅತಿಯಾದ ಗಮನವಿಟ್ಟಳು. “ಬೇಕಾಗಿಲ್ರಿ ಸರ್. ನೀವಿಬ್ರೂ ದಿನಾ ತಗೋತೀರಲ್ಲ.”

“ಅಂದರೆ ನಮ್ಮ ಚರ್ಚಾ ಓದೂದು...”

“ಓದ್ತಾರ್ರಿ ಸರ್. ಕಡೀ ಸಾಲು ಯಾರ್ದಂತ ನೋಡ್ತಾರ. ಮಧ್ಯದ್ದು ಉದ್ದ ಇರ್ತದಲ್ರಿ.”

ನನ್ನ ಆತ್ಮಾಭಿಮಾನಕ್ಕೆ ಆ ಮಧ್ಯಾಹ್ನ ಬಿದ್ದ ಮೊದಲ ಮೊಳೆ ಅದು. ಎರಡನೆಯದು ಮೂಲೆಯಲ್ಲಿ ಒರಗಿ ನಿಂತಿತ್ತು. ಕೆಂಪು ಬಣ್ಣ ಮಾಸಿದ, ಹಿಂದೆ ಚೀಲದ ಕೊಕ್ಕೆಯಿರುವ ಆ ಸೈಕಲ್ಲನ್ನು ನಾನು ನೂರು ಸೈಕಲ್ಲುಗಳ ನಡುವೆಯೂ ಗುರುತಿಸಬಲ್ಲೆ. ಬಾಳಪ್ಪನದು. ತುಳಿತ ಹಗುರಾಗಲೆಂದು ಹಿಂದಿನ ಗಾಲಿಗೆ ದೊಡ್ಡ ಹಲ್ಲುಚಕ್ರ ಹಾಕಿದ್ದರು. ಸೀಟು ನಾಲ್ಕು ಬೆರಳು ಮೇಲೇರಿತ್ತು. ಅದರ ಮೇಲೆ ಮೆತ್ತನೆಯ ಹೊಸ ಗವಸು.

“ನಿಂತು ತುಳಿಯೋ ಮನುಷ್ಯಾಗ ಸೀಟಿನ ಮ್ಯಾಲೆ ಇಷ್ಟ್ಯಾಕ ಪ್ರೀತಿ ಬಂತು?” ಎಂದೆ.

ಜುಲೇಖಾ ಟ್ಯೂಬನ್ನು ಕೆಳಗಿಟ್ಟಳು. “ಸರ್, ನಿಮಗ ಹೇಳಬ್ಯಾಡ ಅಂದಾರ್ರಿ ಅಜ್ಜಾರು. ಆಣಿ ಹಾಕ್ಸ್ಯಾರ.”

“ಹಂಗಾದ್ರ ಹೇಳಬ್ಯಾಡ. ನಾ ಕೇಳ್ತೀನಿ, ನೀ ಹೂಂ ಅನ್ನು. ಮೊಣಕಾಲೇನು?”

“ಹೂಂ. ಬುಧವಾರ ಆಪರೇಶನ್ ಐತ್ರಿ.” ಹೂಂ ಎಂದಮೇಲೆ ಮಿಕ್ಕದ್ದೂ ತಾನಾಗಿ ಹೊರಬಿತ್ತು. “ಇನ್ನ ಮ್ಯಾಲೆ ಸಪಾಟ ದಾರ್ಯಾಗ ಅಷ್ಟ ತುಳೀಬೇಕು, ಏರು ಬಂದ್ ಅಂದಾರಂತ್ರಿ ಡಾಕ್ಟರ್ರು. ನಾಳಿಂದು ಅವರ ಕಡೀ ಏರು. ಮೂವತ್ತೊಂದು ವರ್ಷ ದಿನಾ ಹತ್ತಿದ್ರೂ ಒಮ್ಮೀನೂ ಗಂಟಿ ಬಾರಿಸಿಲ್ರಿ ಅವರು. ಚೀಲದ ಭಾರಕ್ಕ ಮೂರನೇ ತಿರುವಿನ್ಯಾಗ ಇಳದ ದೂಕಬೇಕಾಗ್ತಿತ್ತಂತ. ಚೀಲ ಇಳದ ಮ್ಯಾಲೆ ಮೊಣಕಾಲು ಬಿಡಲಿಲ್ಲಂತ. ಒಂದ ಸಲ ಬಾರಿಸಿ ಬಿಡ್ತೀನಿ ಜುಲೇಖಾ ಅಂತಾರ. ನಿಂತ ತುಳೀಲಿಕ್ಕೆ ಮೊಣಕಾಲು ಕೇಳೂದಿಲ್ಲ. ಕುಂತ ಹತ್ತತಾರ. ಅದಕ್ಕರೀ ನಿಮಗ ಹೇಳಬ್ಯಾಡ ಅಂದದ್ದು.”

ಕುಳಿತು! ಹನ್ನೊಂದು ದಿನಗಳ ವಾದಕ್ಕೆ ಇದಕ್ಕಿಂತ ಮಿಗಿಲಾದ ಉಪಸಂಹಾರವನ್ನು ನಾನೇ ರಚಿಸಲಾರೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ವಾಕ್ಯ ನನ್ನ ತಲೆಯಲ್ಲಿ ತಾನೇ ತಾನಾಗಿ ಅಲಂಕರಿಸಿಕೊಳ್ಳುತ್ತಿತ್ತು: ‘ನಿಂತು ತುಳಿಯುವ ಪಕ್ಷದ ನಾಯಕರು ಸ್ವತಃ ಆಸೀನರಾಗಿಯೇ ಏರಲಿದ್ದಾರೆಂಬ ಸಂಗತಿಯನ್ನು ಬಳಗದ ಗಮನಕ್ಕೆ ತರಬಯಸುತ್ತೇನೆ.’ ನೋಟುಪುಸ್ತಕ ತೆರೆದು ಬರೆದೂ ಬರೆದೆ. ಓದಿದೆ. ಒಂದಕ್ಷರ ತಿದ್ದುವಂತಿರಲಿಲ್ಲ. ಇದನ್ನು ಕಳಿಸಿದರೆ ಬಾಳಪ್ಪ ಉತ್ತರಿಸದೆ ಇರನು. ಉತ್ತರಿಸಿದರೆ ಕಡೆಯ ಮಾತು ಅವನದು. ನಾಳೆ ಆ ಮೊಣಕಾಲಿನ ಮೇಲೆ ಎದುರುಗಾಳಿ. ಕಳಿಸದೆ ಸುಮ್ಮನಿದ್ದರೂ ಗಾಳಿ ಅವನದೇ, ಏಕೆಂದರೆ ನಿನ್ನೆಯ ಕಡೆಯ ಮಾತು ಅವನದಾಗಿತ್ತು. ಬೇರೆ ಯಾರಾದರೂ ಪಾಳಿ ಹಿಡಿಯುವರೇ ಎಂದರೆ, ವರ್ಷವಿಡೀ ಕಾದ ಏರಿನ ದಿನ ಗಾಳಿಯನ್ನು ಕೇಳಿ ಪಡೆಯುವ ಮೂರ್ಖ ನಲವತ್ತಮೂವರಲ್ಲಿ ಒಬ್ಬನೂ ಇರಲಿಲ್ಲ. ಜುಲೇಖಾಳೂ ಹತಾರದ ಚೀಲ ಹೊತ್ತು ಹಿಂದೆ ಹಿಂದೆ ಏರಬೇಕಾದವಳು.

ಬಾಳಪ್ಪನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಅವನ ಸೊಸೆ ಎತ್ತಿ, “ಮಾವಾರು ಇಲ್ಲಂತ ಹೇಳಂದಾರ್ರಿ” ಎಂದಳು.

ಇನ್ನು ಉಳಿದದ್ದು ಒಂದೇ ದಾರಿ. ಸೈರನ್ನಿಗೆ ತೀರ ಸಮೀಪದಲ್ಲಿ, ಅವನಿಗೆ ಉತ್ತರಿಸಲು ಏನೂ ಉಳಿಯದಂಥ ಮಾತೊಂದನ್ನು ನಾನು ಬರೆಯಬೇಕು. ಬಾಳಪ್ಪನಿಗೆ ಉತ್ತರ ಉಳಿಯದಂಥ ಮಾತು ಲೋಕದಲ್ಲಿ ಒಂದೇ ಒಂದಿತ್ತು. ಅದನ್ನು ಕರಡು ಮಾಡಲು ನನಗೆ ಎರಡು ಗಂಟೆ ಹಿಡಿಯಿತು. ಪೆನ್ನು ಮೂರು ಸಲ ಕೆಳಗೆ ಬಿತ್ತು. ಆರು ಗಂಟೆ ಐವತ್ತೆಂಟು ನಿಮಿಷಕ್ಕೆ ಕಳಿಸಿದೆ: “ಸುದೀರ್ಘವಾಗಿ ಆಲೋಚಿಸಿದ ಬಳಿಕ, ಏರನ್ನು ನಿಂತು ತುಳಿಯುವುದೇ ಯುಕ್ತವೆಂಬ ಬಾಳಪ್ಪನವರ ಅಭಿಪ್ರಾಯ ಸರಿಯೆಂದೂ, ನನ್ನದು ತಪ್ಪೆಂದೂ, ಟಪಾಲಿನ ಕೆಲಸವನ್ನು ಕುರಿತು ನಾನಾಡಿದ ಮಾತು ನನಗೆ ತಕ್ಕದ್ದಲ್ಲವೆಂದೂ ಒಪ್ಪಿಕೊಳ್ಳುತ್ತೇನೆ.”

ನಾನು ಫೋನನ್ನು ಮೇಜಿನ ಮೇಲಿಟ್ಟು ಬೆವರು ಒರೆಸಿಕೊಂಡೆ. ನಾನು ಎಲ್ಲವನ್ನೂ ಲೆಕ್ಕ ಹಾಕಿದ್ದೆ, ಒಂದನ್ನು ಬಿಟ್ಟು. ಈರಭದ್ರ ಮಾಸ್ತರ ತಪ್ಪೊಪ್ಪಿಕೊಂಡನೆಂದರೆ ಅವನನ್ನು ಬಲ್ಲ ಗೆಳೆಯನಿಗೆ ಏನನ್ನಿಸೀತು ಎಂಬುದನ್ನು. ಫೋನು ಕಿಣಿಗುಟ್ಟಿತು.

“ಮಾಸ್ತರ, ಆರಾಮ ಅದೀರಿಲ್ಲೋ? ಎದಿ ಗಿದಿ ನೋವು ಐತೇನು? ಮನ್ಯಾಗ ಅಕ್ಕಾರು ಅದಾರ?”

ಬಾಳಪ್ಪ! ಗೆದ್ದ ಸಂತೋಷವಿಲ್ಲ, ಕುಹಕವಿಲ್ಲ, ಸೈರನ್ನಿನ ನೆನಪೂ ಇಲ್ಲ. ಕಡೆಯ ಮಾತು ಅವನದಾಗಿ ಹೋಗಿತ್ತು. ಗೋಡೆಯ ಗಡಿಯಾರದಲ್ಲಿ ಏಳಕ್ಕೆ ಅರ್ಧ ನಿಮಿಷ. ಕರಡಿಗೆ ಸಮಯವಿಲ್ಲ. ‘ನಾನು ಕ್ಷೇಮ, ಆದರೆ ತಮ್ಮ ಮೊಣಕಾಲಿನ ಸಂಗತಿಯನ್ನು ತಿಳಿದು...’ ಎಂದು ಮನಸ್ಸಿನಲ್ಲಿ ವಾಕ್ಯ ಕೂಡಿಸಿಕೊಂಡು, ತೋರುಬೆರಳಿನಿಂದ ಒತ್ತತೊಡಗಿದೆ. ಆತುರಕ್ಕೆ ಒಂದಕ್ಷರಕ್ಕೆ ಬದಲು ಮತ್ತೊಂದು ಬಿದ್ದಿತು, ಅಳಿಸಿದೆ. ಗಿರಣಿಯ ಕಡೆಯಿಂದ, ಕೂಗುವ ಮೊದಲು ಸೈರನ್ ಗಂಟಲು ಸರಿಪಡಿಸಿಕೊಳ್ಳುವಾಗಿನ ಆ ಗುರುಗುರು ಶಬ್ದ ಎದ್ದಿತು. ಪರದೆಯ ಮೇಲೆ ನನ್ನ ವಾಕ್ಯ ತಲೆ ಮಾತ್ರ ಹೊರಬಂದ ಕೂಸಿನಂತೆ ನಿಂತಿತ್ತು. ಮೂವತ್ತನಾಲ್ಕು ವರ್ಷಗಳ ನನ್ನ ಸಂಪಾದನೆಯೆಲ್ಲ ‘ತಡೆ, ಪೂರ್ತಿ ಮಾಡು’ ಎಂದು ಕೈ ಹಿಡಿದು ಎಳೆಯಿತು. ಕಣ್ಣು ಮುಚ್ಚಿ ಒತ್ತಿಬಿಟ್ಟೆ.

“ನಾನು ಕ್ಷೇಮ, ಆದರೆ”

ಸೈರನ್ ಕೂಗಿತು.

ಆಮೇಲೆ ಆದ ಗದ್ದಲವನ್ನು ಏನೆಂದು ಹೇಳಲಿ? ಏಳು ಹೊಡೆದ ಮೇಲೆ ಬರೆದರೆ ಭಯವಿಲ್ಲವಾದ್ದರಿಂದ ಬಳಗವೆಲ್ಲ ಮುಗಿಬಿದ್ದಿತು. ‘ಆದರೆ ಏನ್ರಿ ಸರ್?’ ‘ಮಾಸ್ತರ್ರು ವಾಕ್ಯ ಮುಗಿಸಿಲ್ಲ, ಯಾರರ ಓಡಿಹೋಗಿ ನೋಡ್ರಪೋ!’ ಇಬ್ಬರು ಸೈಕಲ್ಲಿನಲ್ಲಿ ಬಂದೇ ಬಿಟ್ಟರು. ನೀಲಾಂಬಿಕೆ ನನ್ನ ಹಣೆ ಮುಟ್ಟಿ, ಕಾಲು ಮುಟ್ಟಿ, “ಅರ್ಧಾ ಬಿಟ್ಟೀರೆಂದ್ರ ಏನೋ ಆಗೈತಿ. ಕಷಾಯ ಕುಡೀರಿ” ಎಂದು ಕುಡಿಸಿಯೇ ಬಿಟ್ಟಳು.

ಮರುದಿನ ಬೆಳಿಗ್ಗೆ ಆರಕ್ಕೆ ಸರಿಯಾಗಿ ನನ್ನ ಬಾಗಿಲಲ್ಲಿ ಗಂಟೆ ಕೇಳಿಸಿತು.

ಬಾಳಪ್ಪ ಒಂದು ಕಾಲನ್ನು ನೆಲಕ್ಕೂರಿ ನಿಂತಿದ್ದ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಜೀವಂತ ಅದೀರಿ.”

“ಇದ್ದೀನಿ.”

“ಆದರೆ?”

“ಮ್ಯಾಲೆ ಹೋಗಿ ಹೇಳ್ತೀನಿ. ನಡೀ.”

ನಾನು ಸೈಕಲ್ ಹತ್ತಿದೆ. ಕಾಯುತ್ತಿದ್ದ ಗಾಳಿ ಎದ್ದು ಬಂದು ನನ್ನ ಅಂಗಿಯೊಳಗೆ ಹೊಕ್ಕಿತು. ಬಾಳಪ್ಪ ಅದನ್ನು ನೋಡಿದ. ತನ್ನ ತಲೆಯ ಮೇಲೆ ಕೈಯಾಡಿಸಿಕೊಂಡ, ಒಂದು ಕೂದಲೂ ಅಲುಗುತ್ತಿರಲಿಲ್ಲ. ಮುಖದಲ್ಲಿ ಏನೋ ಮೂಡಿ ಮಾಯವಾಯಿತು. “ಹೂಂ” ಎಂದಷ್ಟೇ ಹೇಳಿ ಪೆಡಲು ಒತ್ತಿದ.

ಏರಿನ ಬುಡದಲ್ಲಿ ಬಳಗವೆಲ್ಲ ಸೇರಿತ್ತು. ಕೋಣ ಹಿಂದಿರುಗಿದ ಜಾಗದಿಂದ ಹೊರಟೆವು. ಬಾಳಪ್ಪ ಗದ್ದುಗೆಯ ಮೇಲಿನ ಸ್ವಾಮಿಗಳಂತೆ ಕುಳಿತು, ಆತುರವಿಲ್ಲದೆ, ಒಂದೊಂದೇ ಸುತ್ತು ತುಳಿಯುತ್ತ ಹೋದ. ಮೊದಲ ತಿರುವಿನಲ್ಲಿ ನಾನು ಅವನ ಹಿಂದೆ ಹತ್ತು ಮಾರು ಇದ್ದೆ. ಎರಡನೆಯ ತಿರುವಿನ ಹೊತ್ತಿಗೆ ಗಾಳಿ ನನ್ನ ಎದೆಗೆ ಎರಡೂ ಅಂಗೈ ಕೊಟ್ಟು ತಳ್ಳುತ್ತಿತ್ತು. ಉಸಿರಿನ ಮಿತವ್ಯಯ, ಸೊಂಟದ ಸ್ಥೈರ್ಯ ಎರಡೂ ಕೈಬಿಟ್ಟವು. ನನ್ನ ಕಾಲುಗಳು ನನ್ನನ್ನು ಕೇಳದೆಯೇ ಎದ್ದು ನಿಂತವು. ಹೌದು, ನಿಂತು ತುಳಿದೆ. ಹಿಂದಿನಿಂದ ಜುಲೇಖಾ, “ಸರ್ ನಿಂತರಪೋ, ಸರ್ ನಿಂತರು!” ಎಂದು ಕೂಗಿದ್ದು ಇಡೀ ಏರಿಗೆ ಕೇಳಿಸಿತು. ಮೂರನೆಯ ತಿರುವಿನಲ್ಲಿ, ಮೂವತ್ತೊಂದು ವರ್ಷ ಬಾಳಪ್ಪ ಟಪಾಲಿನ ಚೀಲದೊಂದಿಗೆ ಇಳಿಯುತ್ತಿದ್ದ ಅದೇ ಜಾಗದಲ್ಲಿ, ನಾನು ನೆಲಕ್ಕೆ ಕಾಲೂರಿದೆ.

ಸೈಕಲ್ ತಳ್ಳುತ್ತ ನಡೆಯತೊಡಗಿದೆ. ಆಗ ಮೇಲಿನಿಂದ ಗಂಟೆಯ ದನಿ ಬಂತು. ಒಂದು. ಎರಡು. ಮೂರು. ತಿರುವಿಗೊಂದರಂತೆ ಮೂರೇ ಪೆಟ್ಟು ನಮ್ಮ ಪದ್ಧತಿ. ಗಂಟೆ ಮೂರಕ್ಕೆ ನಿಲ್ಲಲಿಲ್ಲ. ಹತ್ತಾಯಿತು, ಹದಿನೈದಾಯಿತು. ಜೊತೆಯಲ್ಲಿ ತಳ್ಳುತ್ತಿದ್ದ ಬ್ಯಾಂಕಿನ ಹೆಣ್ಣುಮಗಳು, “ಎಷ್ಟು ಬಾರಸ್ತಾರ್ರಿ ಅಜ್ಜಾರು?” ಎಂದಳು. ನಾನು ಎಣಿಸುತ್ತಿದ್ದೆ. ಮೂವತ್ತೊಂದಕ್ಕೆ ನಿಂತಿತು.

ನಾನು ತುದಿ ಮುಟ್ಟಿದಾಗ ಬಾಳಪ್ಪ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು, ಮೊಣಕಾಲನ್ನು ಎರಡೂ ಕೈಗಳಿಂದ ಹಿಡಿದು ಕುಳಿತಿದ್ದ. ಕಣ್ಣುಗಳು ಕೆಂಪಾಗಿದ್ದವು, ಅವನಿಗೆ ಗಾಳಿಯ ನೆಪವೂ ಇರಲಿಲ್ಲ.

“ಕುಂತ ಬಂದ್ನಿ,” ಎಂದ.

“ನಿಂತ ಬಂದೆ,” ಎಂದೆ. “ಕಡೀಕ ನಡದ ಬಂದೆ.”

“ಕುಂತರ ಚಲೋ ಆಗ್ತದರೀ ಮಾಸ್ತರ. ನೀವು ಬರದದ್ದು ಖರೇ ಐತಿ. ಉದ್ದಾತು, ಆದ್ರ ಖರೇ ಐತಿ.” ಮೊಣಕಾಲು ನೀವಿಕೊಳ್ಳುತ್ತ, “ಈಗ ಹೇಳ್ರಿ. ನಾನು ಕ್ಷೇಮ, ಆದರೆ... ಮುಂದ?”

ಮುಂದಿನದು ನನ್ನಲ್ಲಿತ್ತು. ಪೂರ್ತಿಯಾಗಿ, ಅಂದವಾಗಿ, ಉಪಸಂಹಾರ ಸಮೇತ ಇತ್ತು. ಬಾಯಿ ತೆರೆದೆ. ಗಾಳಿ ಬಾಯಿಯೊಳಗೆ ನುಗ್ಗಿ ಕೆಮ್ಮು ಬಂತು. ಬಾಳಪ್ಪ ಬೆನ್ನು ತಟ್ಟಿದ. “ಇರಲಿ ಬಿಡ್ರಿ,” ಎಂದ. “ಟಪಾಲಿನವರು ನಾವು. ಲಕೋಟಿ ಒಡೀಲಾರದನ ಒಳಗೇನೈತಿ ತಿಳೀತೈತಿ.”

ಆ ಸಂಜೆ ಆರೂ ಮುಕ್ಕಾಲಿಗೆ ಬಳಗದಲ್ಲಿ ಯಾರೋ, “ಹಂಗಾದ್ರ ಕುಂತ ತುಳೀಬೇಕೋ ನಿಂತೋ, ಇಬ್ರೂ ಹಿರ್ಯಾರು ಹೇಳಿಬಿಡ್ರಿ” ಎಂದು ಜಿಜ್ಞಾಸೆ ತೋರಿದರು. ನಾನು ನೋಟುಪುಸ್ತಕವನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟು ಕುಳಿತೆ. ಏಳಕ್ಕೆ ಒಂದು ನಿಮಿಷವಿರುವಾಗ ಬಾಳಪ್ಪನ ಮಾತು ಬಂತು: “ಆದರೆ”. ಅಷ್ಟೇ. ಸೈರನ್ ಕೂಗಿತು.

ಸೋಮವಾರ ಅವನು ಸೈಕಲ್ ಹತ್ತಲಿಲ್ಲ. ಬುಧವಾರ ಆಸ್ಪತ್ರೆ ಸೇರಿದ. ಈಗ ಮನೆಗೆ ಬಂದು ಮಂಚದ ಮೇಲೆ ಕಾಲು ಚಾಚಿ, ಸೊಸೆಗೆ ಕೋಲು ತೋರಿಸಿ ಗದರಿಸುತ್ತ ದಿನ ಕಳೆಯುತ್ತಿದ್ದಾನೆ. ಬೆಳಿಗ್ಗೆ ಆರಕ್ಕೆ ಅವನ ಬಾಗಿಲಲ್ಲಿ ಗಂಟೆ ಬಾರಿಸುವವನು ಈಗ ನಾನು. ಅವನ ಹೊಸ್ತಿಲ ಹೊರಗೆ, ಬೀದಿಯಲ್ಲಿ ಎಲೆಯೊಂದೂ ಅಲುಗದಿರುವಾಗಲೂ, ಬಾಗಿಲ ತೋರಣ ಮಾತ್ರ ಸಣ್ಣಗೆ ಪಟಪಟಿಸುತ್ತಿರುತ್ತದೆ. ಡಾಕ್ಟರರು ಮೂರು ತಿಂಗಳೆನ್ನುತ್ತಾರೆ. ಸೊಸೆ, ಇನ್ನು ಸೈಕಲ್ ಸಾಕು ಎನ್ನುತ್ತಾಳೆ. ಬಾಳಪ್ಪ ಒಮ್ಮೊಮ್ಮೆ ಮಂಕಾಗಿ, “ಇನ್ನ ನಾ ತುಳೀತೀನೋ ಇಲ್ಲೋ ಮಾಸ್ತರ” ಎನ್ನುತ್ತಾನೆ. ಆಗ ನಾನು ಏನನ್ನೂ ರಚಿಸಿ ಹೇಳುವುದಿಲ್ಲ. ಸುಮ್ಮನೆ ಬಾಗಿಲ ಕಡೆ ಬೆರಳು ತೋರಿಸುತ್ತೇನೆ. ಇವನು ಮತ್ತೆ ಹತ್ತುವುದಿಲ್ಲವೆಂದಾಗಿದ್ದರೆ ಆ ಗಾಳಿಗೆ ಅಲ್ಲಿ ಕಾದು ಕುಳಿತಿರುವ ಕೆಲಸವೇನಿತ್ತು?